ಒರೆಸಿದರೂ ಶೇಷ ಉಳಿಯದ ಸಂಖ್ಯೆ

ಪ್ರತಾಪ ನಗರದ ನಮ್ಮ ಪಕ್ಕದ ಮನೆಯವರು ಧಾರವಾಡದ ಕಡೆಯವರು, ಮದ್ದುಗುಂಡಿನ ಕಾರ್ಖಾನೆಯಿಂದ ನಿವೃತ್ತರಾದವರು. ನಾಗಪುರದ ಬೇಸಿಗೆಯ ಧೂಳು ನನ್ನ ಕಾರಿನ ಗಾಜಿನ ಮೇಲೆ ಕೂತರೆ ಸಾಕು, ಅವರ ಬೆರಳು ಅಲ್ಲಿ 381654729 ಎಂದು ಬರೆಯುತ್ತಿತ್ತು. ಒಂದರಿಂದ ಒಂಬತ್ತರವರೆಗಿನ ಅಂಕಿಗಳು, ಪ್ರತಿಯೊಂದೂ ಒಂದೇ ಸಲ.

"ಒಂಬತ್ತು ಅಂಕಿ ಅದಾವು, ಒಂಬತ್ತರಿಂದ ಬರೋಬರ್ ಭಾಗ ಹೋಗತೈತಿ," ಎನ್ನುತ್ತ ಕೊನೆಯ ಅಂಕಿಯನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದರು. "ಈಗ ಎಂಟು ಉಳದಾವು, ಎಂಟರಿಂದ ಹೋಗತೈತಿ." ಹೀಗೆಯೇ ಒರೆಸುತ್ತ, ಮೊದಲ ಅಂಕಿಯೊಂದೇ ಉಳಿಯುವ ತನಕ. "ಶೇಷ ಉಳಿಯಂಗಿಲ್ರಿ!" ಒಂಬತ್ತೂ ಅಂಕಿಗಳಿಂದಾದ ಇಂಥ ಸಂಖ್ಯೆ ಇದೊಂದೇ ಎನ್ನುವಾಗ, ದೇವರ ಕೋಣೆಯಲ್ಲಿ ನಿಂತವರಂತೆ ಅವರ ದನಿ ತಗ್ಗುತ್ತಿತ್ತು.

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಹೆಂಡತಿಯ ಹೆಸರಿಗೂ ತಡವರಿಸತೊಡಗಿದರು. ಈ ಬೇಸಿಗೆಯಲ್ಲಿ ಮೆಲ್ಲಗೆ ನಡೆದು ಬಂದು, ಎಡಗೈಯಿಂದ ಗಾಜಿನ ಮೇಲೆ 381654 ಎಂದು ಬರೆದು ನಿಂತರು. ಮುಂದಿನದು ನೆನಪಾಗಲಿಲ್ಲ. ಹೇಳಿಕೊಡಲು ಹೋದರೆ ಬೇಡವೆಂದು ತಲೆಯಾಡಿಸಿದರು.

"ಆರು ಅದಾವಲ್ಲ? ಆರರಿಂದ ಭಾಗಸ್ರಿ."

ಅದೇ ಧೂಳಿನಲ್ಲಿ ಭಾಗಿಸಿದೆ. 63609 ಬಂತು. ಶೇಷ ಸೊನ್ನೆ. 

ಅವರು ನಕ್ಕು, ಕೊನೆಯ ಅಂಕಿಯಾದ ನಾಲ್ಕನ್ನು ತಾವೇ ಒರೆಸಿದರು.

"ಇನ್ನೊಂದು ಹೋದ್ರೂ ಶೇಷ ಉಳಿಯಂಗಿಲ್ರಿ."