ಸೋಲುವ ಕೆಲಸಕ್ಕೆ ಏಳು ತಿಂಗಳ ಬಾಕಿ

ಚಾಂಪಿಯನ್‌ಗೆ ಬರಬೇಕಾದ ಏಳು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ. ಅವನು ಮಾಡುತ್ತಿದ್ದ ಕೆಲಸ ಸೋಲುವುದು. ಪೂಲ್ ಹಾಲಿಗೆ ದುಡ್ಡು ಕೊಟ್ಟು ಆಡಲು ಬಂದವರ ಎದುರು ಸೋಲಬೇಕು, ಬೇಕಂತಲೇ ಸೋತ ಅಂತ ಅವರಿಗೆ ಅನುಮಾನವೂ ಬರಬಾರದು. ಹನ್ನೊಂದು ವರ್ಷ ಅದನ್ನೇ ಮಾಡಿ ಹೆಂಡತಿಯನ್ನು ಸಾಕಿದ, ಮನೆ ಬಾಡಿಗೆ ಕಟ್ಟಿದ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹಸಿರು ಬಟ್ಟೆ ಹೊದಿಸಿದ ಟೇಬಲ್ಲು, ಸುತ್ತ ಆರು ಪಾಕೆಟ್ಟು, ಮೇಲೆ ಒಂದರಿಂದ ಒಂಬತ್ತರವರೆಗೆ ನಂಬರ್ ಬರೆದ ಚೆಂಡುಗಳು. ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಇರುವುದರಲ್ಲಿ ಚಿಕ್ಕ ನಂಬರನ್ನು ಮೊದಲು ತಾಗಿಸಬೇಕು. ಕೊನೆಗೆ ಒಂಬತ್ತನ್ನು ಬೀಳಿಸಿದವನು ಗೆದ್ದ. ತಪ್ಪಿದರೆ ಸರದಿ ಎದುರಾಳಿಗೆ. ಚೆಂಡು ಬೀಳಿಸುವುದು ಒಂದಷ್ಟು ದಿನ ಕೈ ಸವೆಸಿದರೆ ಯಾರಿಗಾದರೂ ಬರುತ್ತದೆ. ಬೀಳಿಸಿದ ಮೇಲೆ ಬಿಳಿ ಚೆಂಡು ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದು ಮಾತ್ರ ಎಲ್ಲರಿಗೂ ಬರುವುದಿಲ್ಲ. ಅದಕ್ಕೆ ಪೊಸಿಷನ್ ಅನ್ನುತ್ತಾರೆ. ಮುಂದಿನ ಚೆಂಡಿಗೆ ಸರಿಯಾಗಿ ನಿಂತರೆ ನೀನು ರಾಜ, ಇಲ್ಲವಾದರೆ ಟೇಬಲ್ ಸುತ್ತ ಅಲೆಯುವ ಬಡಪಾಯಿ.

ವಯಸ್ಸಿನಲ್ಲಿದ್ದಾಗ ಚಾಂಪಿಯನ್ ನಿಜವಾಗಿಯೂ ಚಾಂಪಿಯನ್ನೇ ಆಗಿದ್ದ. ಗೆದ್ದ ಕಪ್ ಹಿಡಿದು ನಿಂತ ಅವನ ಫೋಟೋವನ್ನು ಪೂಲ್ ಹಾಲಿನ ಓನರು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಬಾಗಿಲ ಎದುರಿಗೇ ನೇತುಹಾಕಿದ್ದ. ಆಮೇಲೆ ಪಂದ್ಯಗಳು ನಿಂತವು, ಕಪ್‌ನ ಬಣ್ಣ ಹೋಯಿತು, ಹೊಟ್ಟೆ ಮಾತ್ರ ನಿಲ್ಲಲಿಲ್ಲ. ಒಂದು ದಿನ ಓನರು ಕರೆದು ಕೂರಿಸಿದ.

"ನೋಡಯ್ಯಾ, ದುಡ್ಡಿರೋರಿಗೆ ಆಡೋಕಿಂತ ಗೆಲ್ಲೋದು ಇಷ್ಟ. ಅದರಲ್ಲೂ ಫೋಟೋದಲ್ಲಿರೋನನ್ನ ಗೆಲ್ಲೋದು ಇನ್ನೂ ಇಷ್ಟ. ನೀನು ಸೋಲು, ನಾನು ಸಂಬಳ ಕೊಡ್ತೀನಿ."

"ಸುಮ್ನೆ ತಪ್ಪು ಹೊಡೆದ್ರೆ ಆಯ್ತಾ?"

"ಅದು ಯಾರಾದ್ರೂ ಹೊಡೀತಾರೆ. ಅವರು ಗೆದ್ದಂಗೆ ಕಾಣ್ಬೇಕು. ಅವರ ಹೆಂಡ್ತಿಗೂ ಹಂಗೇ ಕಾಣ್ಬೇಕು."

ಅಲ್ಲಿಂದ ಶುರುವಾಯಿತು. ಬೆಳಗ್ಗೆ ಪೂಲ್ ಹಾಲ್ ತೆರೆಯುವ ಮೊದಲೇ ಬಂದು, ಟೇಬಲ್ ಬಟ್ಟೆಗೆ ಬ್ರಷ್ ಹಾಕಿ, ದೀಪ ಹಚ್ಚಿ, ಒಬ್ಬನೇ ಅಭ್ಯಾಸಕ್ಕೆ ನಿಲ್ಲುತ್ತಿದ್ದ. ಬಿಳಿ ಚೆಂಡಿನ ನಡುವಿಗೆ ಹೊಡೆದರೆ ಅದು ತಾಗಿದ ಜಾಗದಲ್ಲೇ ಸತ್ತು ನಿಲ್ಲುತ್ತದೆ. ತುಸು ಮೇಲೆ ಹೊಡೆದರೆ ಬಿದ್ದ ಚೆಂಡಿನ ಹಿಂದೆ ನಾಲ್ಕು ಹೆಜ್ಜೆ ಓಡುತ್ತದೆ. ಕೆಳಗೆ ಹೊಡೆದರೆ ಹೆದರಿದ ಹಾಗೆ ಹಿಂದಕ್ಕೆ ಬರುತ್ತದೆ. ಪಕ್ಕಕ್ಕೆ ಹೊಡೆದರೆ ಅಂಚಿನ ರಬ್ಬರಿಗೆ ತಾಗಿ ದಾರಿ ಬದಲಿಸುತ್ತದೆ. ಇವೆಲ್ಲ ಪೂಲ್ ಕಲಿಯುವವರು ಮೊದಲ ವರ್ಷದಲ್ಲೇ ತಿದ್ದುವ ಪಾಠಗಳು. ಹೆಂಡತಿ ಇಸ್ತ್ರಿ ಮಾಡಿ ಕೊಟ್ಟ ಕರ್ಚೀಫನ್ನು ಟೇಬಲ್ ಮೇಲೆ ಹಾಸಿ, ಬಿಳಿ ಚೆಂಡು ಅದರ ಮೇಲೆ ಬಂದು ನಿಲ್ಲುವವರೆಗೆ ಹೊಡೆಯುತ್ತಿದ್ದ. ನಿಂತ ಮೇಲೆ ಕರ್ಚೀಫನ್ನು ಇನ್ನೊಂದು ಮಡಿಕೆ ಮಡಿಸುತ್ತಿದ್ದ. ಬೇರೆಯವರು ಕರ್ಚೀಫನ್ನು ತಮಗೆ ಅನುಕೂಲವಾದ ಜಾಗದಲ್ಲಿ ಹಾಸುತ್ತಾರೆ. ಇವನು ಗಿರಾಕಿಗೆ ಅನುಕೂಲವಾದ ಜಾಗದಲ್ಲಿ ಹಾಸುತ್ತಿದ್ದ. ತನ್ನ ಚೆಂಡು ಪಾಕೆಟ್ಟಿನ ಬಾಯಲ್ಲಿ ಕೂದಲೆಳೆಯಲ್ಲಿ ತಪ್ಪಿ ತೂಗಬೇಕು, ಬಿಳಿ ಚೆಂಡು ತೇಲಿ ಬಂದು ಗಿರಾಕಿಯ ಕೈಬುಡಕ್ಕೆ ನಿಲ್ಲಬೇಕು. ಬೀಳಿಸುವುದಕ್ಕಿಂತ ಇದು ಹತ್ತು ಪಟ್ಟು ಕಷ್ಟ.

ಗಿರಾಕಿಗಳೂ ಒಬ್ಬೊಬ್ಬರು ಒಂದೊಂದು ಥರ. ಹಲ್ಲಿನ ಡಾಕ್ಟರಿಗೆ ದೂರದ ಕಣ್ಣು ಮಂದ, ನೇರವಾದದ್ದೇ ಬೇಕು. ವಕೀಲರಿಗೆ ನೋಡಲು ಕಷ್ಟವಾಗಿದ್ದು ಹೊಡೆಯಲು ಸುಲಭವಾಗಿರಬೇಕು. ಸಿಮೆಂಟ್ ಅಂಗಡಿಯವರಿಗೆ ಹೊಟ್ಟೆ ಅಡ್ಡ, ಬಗ್ಗಲು ಆಗುವುದಿಲ್ಲ. ಬಿಳಿ ಚೆಂಡು ಅಂಚಿನಿಂದ ಒಂದು ಗೇಣಿನೊಳಗೆ, ಎಡಗಡೆಗೆ ಇರಬೇಕು. ಹೊಡೆಯುವ ಮುಂಚೆ ಚಾಂಪಿಯನ್ ಗೋಡೆಯ ಬದಿಯ ಕುರ್ಚಿಯಲ್ಲಿ ಸರದಿಗೆ ಕಾದು ಕೂತ ಎದುರಾಳಿ ಗಿರಾಕಿಯತ್ತ ಒಮ್ಮೆ ಕಣ್ಣು ಹಾಯಿಸುತ್ತಿದ್ದ. ಕೂತವರು ಯಾರು, ಮುಖ ಎಷ್ಟು ಬಾಡಿದೆ, ಇನ್ನೆಷ್ಟು ಹೊತ್ತು ಕಾಯಿಸಬಹುದು. ಅಷ್ಟು ಸಾಕು, ಉಳಿದದ್ದನ್ನು ಕೈ ನೋಡಿಕೊಳ್ಳುತ್ತಿತ್ತು. ದರ್ಜಿ ಗಿರಾಕಿಯ ಭುಜ ನೋಡಿದ ಹಾಗೆ ಅದು.

ಹನ್ನೊಂದನೇ ವರ್ಷ ಸಂಬಳ ತಡವಾಯಿತು. ಬರೋ ತಿಂಗಳು ಅಂದ ಓನರು. ಬಂದ ತಿಂಗಳೂ ಬರೋ ತಿಂಗಳು ಅಂದ. ಏಳು ತಿಂಗಳು ಹೀಗೇ ತಳ್ಳಿ, ಆಮೇಲೆ ಮನುಷ್ಯನನ್ನೇ ತಳ್ಳಿದ.

"ನಾಳೆಯಿಂದ ಬರಬೇಡ. ನಿನ್ನ ಗೆದ್ರೆ ಈಗ ಯಾರೂ ಚಪ್ಪಾಳೆ ಹೊಡೆಯಲ್ಲ. ಕಂಡಕಂಡೋರ ಕೈಲೆಲ್ಲ ಸೋತು ಬೆಲೆ ಕಳ್ಕೊಂಡಿದ್ದೀಯ."

"ಸೋಲು ಅಂದೋರು ನೀವೇ ಅಲ್ವಾ ಸಾರ್?"

"ಹಂಗಂತ ಇಷ್ಟೊಂದಾ?"

"ಬಾಕಿ ಸಂಬಳ?"

"ಯಾವ ಸಂಬಳ? ದಿನಾ ಬರ್ತಿದ್ದೆ, ಬಿಟ್ಟಿ ಆಡ್ತಿದ್ದೆ, ಟೇಬಲ್ ಬಾಡಿಗೆ ಕೇಳಿದ್ನಾ ನಾನು?"

ಕಾರ್ಮಿಕ ಕಚೇರಿಗೆ ಹೋದ. ಅಲ್ಲಿಯ ಅಧಿಕಾರಿ ತಲೆ ಎತ್ತದೆ ಕೇಳಿದ, "ಏನು ಕೆಲಸ ಮಾಡ್ತಿದ್ದೆ?"

"ಸೋಲೋ ಕೆಲಸ ಸಾರ್."

ಆಗ ತಲೆ ಎತ್ತಿದ. ಪಕ್ಕದ ಮೇಜಿನವನೂ ಎತ್ತಿ ಕೇಳಿದ, "ಅದಕ್ಕೂ ಸಂಬಳಾನಾ? ನಾವೆಲ್ಲ ಬಿಟ್ಟಿ ಸೋಲ್ತಾ ಇದೀವಲ್ಲಪ್ಪ." ಇಡೀ ಕೋಣೆ ನಕ್ಕಿತು. ನಕ್ಕು ಸುಸ್ತಾದ ಮೇಲೆ ಅಧಿಕಾರಿ ಹೇಳಿದ, "ನೀನು ಬೇಕಂತ ಸೋತೆ ಅಂತ ಎದುರಿಗೆ ಆಡಿದೋರು ಇಬ್ಬರು ಬರ್ಕೊಡಲಿ. ಆಮೇಲೆ ನೋಡೋಣ."

ಹಲ್ಲಿನ ಡಾಕ್ಟರ ಹತ್ತಿರ ಮೊದಲು ಹೋದ. ಅವರು ಯಾರದೋ ಬಾಯಿಗೆ ಕೈ ಹಾಕಿಕೊಂಡಿದ್ದರು. ವಿಷಯ ಕೇಳಿ ಕೈ ಹೊರಗೆ ತೆಗೆದರು.

"ಯಾವ ಆಟ ಬೇಕಂತ ಸೋತಿದ್ದು?"

"ಎಲ್ಲಾನೂ ಸಾರ್."

"ಅವತ್ತು ನಾನು ಎರಡು ಅಂಚಿಗೆ ತಾಗಿಸಿ ಒಂಬತ್ತು ಬೀಳಿಸಿದ್ನಲ್ಲ? ನನ್ನ ಮಗಳ ಮದುವೆ ದಿನಾನೂ ಅಷ್ಟು ಖುಷಿ ಪಟ್ಟಿಲ್ಲ ಕಣಯ್ಯ. ಅದನ್ನೂ ನೀನೇ ಕೊಟ್ಟಿದ್ದಾ?"

"ಅದನ್ನ ಮೂರು ಸಲ ಕೊಟ್ಟೆ ಸಾರ್. ಎರಡು ಸಲ ನೀವು ತಪ್ಪಿಸಿದ್ರಿ."

ಬಾಯಿ ತೆರೆದು ಮಲಗಿದ್ದ ರೋಗಿ ಗೊಳ್ಳನೆ ನಕ್ಕ. ಅಲ್ಲಿಗೆ ಕೆಲಸ ಕೆಟ್ಟಿತು. "ಇನ್ನು ಹಲ್ಲು ಕೀಳಿಸ್ಕೊಳ್ಳೋಕೆ ಮಾತ್ರ ಈ ಕಡೆ ಬಾ," ಅಂದರು ಡಾಕ್ಟರು.

ವಕೀಲರು ಅಷ್ಟು ಒರಟಾಗಿ ಹೇಳಲಿಲ್ಲ. "ಇದನ್ನ ಬರ್ಕೊಟ್ರೆ ನಾಳೆ ನಾನು ಗೆದ್ದ ಕೇಸುಗಳನ್ನೂ ಯಾರೋ ಬಿಟ್ಕೊಟ್ಟಿದ್ದು ಅಂತಾರೆ," ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಸಿಮೆಂಟ್ ಅಂಗಡಿಯವರು ಮಾತ್ರ ಕೆಂಪಗಾಗಿ ನೇರ ಓನರ್ ಹತ್ತಿರ ಹೋದರು. ಇವನು ಊರೆಲ್ಲ ನನ್ನ ಮಾನ ತೆಗೀತಿದಾನೆ ಅಂದರು. ಅದರಿಂದ ಓನರಿಗೆ ಒಂದು ಆಲೋಚನೆ ಹೊಳೆಯಿತು. ಚಾಂಪಿಯನ್‌ನನ್ನು ಕರೆಸಿ, ನಾಲ್ಕು ಜನರ ಎದುರು ಹೇಳಿದ, "ಬರೋ ಭಾನುವಾರ ಮಧ್ಯಾಹ್ನ ಇವರ ಜೊತೆ ಒಂದೇ ಆಟ ಆಡು. ಗೆದ್ರೆ, ಸೋಲೋದು ನಿನ್ನ ಕೆಲಸ ಆಗಿತ್ತು ಅಂತ ನಾನೇ ಒಪ್ಕೋತೀನಿ, ಏಳು ತಿಂಗಳದ್ದೂ ಅಲ್ಲೇ ಎಣಿಸ್ತೀನಿ. ಸೋತ್ರೆ ಬಾಯಿ ಮುಚ್ಕೊಂಡು ಮನೆಗೆ ಹೋಗು." ಅದಕ್ಕೂ ಟಿಕೆಟ್ ಇಟ್ಟ, ಆ ಮಾತು ಬೇರೆ.

ಹೆಂಡತಿಗೆ ಹೇಳಿದಾಗ ಅವಳು ತಾನು ಕೆಲಸ ಮಾಡುವ ಲಾಂಡ್ರಿಯಿಂದ ತಂದ ಅಂಗಿಗಳ ರಾಶಿಯ ನಡುವೆ ಇದ್ದಳು. ಇಸ್ತ್ರಿ ಪೆಟ್ಟಿಗೆ ಕೆಳಗಿಡದೆ ಕೇಳಿದಳು, "ಗೆಲ್ಲೋಕೆ ಬರುತ್ತೇನ್ರೀ ಈಗ?"

"ಆ ಸಿಮೆಂಟ್ ಮೂಟೆನಾ? ಕಣ್ಣು ಮುಚ್ಚಿ ಗೆಲ್ತೀನಿ ಕಣೇ."

"ಕಣ್ಣು ಮುಚ್ಚಿ ಸೋಲೋದನ್ನ ಹನ್ನೊಂದು ವರ್ಷ ನೋಡಿದೀನಿ. ಇದನ್ನ ನೋಡಿಲ್ಲ, ಅದಕ್ಕೆ ಕೇಳಿದೆ."

ಟೇಬಲ್ ರಿಪೇರಿ ಮಾಡುವ ಬಡಗಿಯ ಶೆಡ್ಡಿನಲ್ಲಿ ಹಳೆಯದೊಂದು ಟೇಬಲ್ ಇತ್ತು. ಅಲ್ಲಿ ಅಭ್ಯಾಸಕ್ಕೆ ನಿಂತ. ಕರ್ಚೀಫನ್ನು ಈ ಸಲ ತನಗೆ ಬೇಕಾದ ಜಾಗದಲ್ಲಿ ಹಾಸಿದ. ಹೊಡೆದ. ಚೆಂಡು ಪಾಕೆಟ್ಟಿನ ಬಾಯಲ್ಲಿ ತೂಗಿ ನಿಂತಿತು, ಬಿಳಿ ಚೆಂಡು ಕರ್ಚೀಫನ್ನು ಸುತ್ತಿ ಹೋಗಿ ಎಡ ಅಂಚಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಮತ್ತೆ ಹೊಡೆದ. ಅದೇ. ಕೈಯನ್ನು ದಿಟ್ಟಿಸಿ ನೋಡಿದ, ಯಾರದೋ ಕೈ ಎಂಬ ಹಾಗೆ. ಸಂಜೆ ಲಾಂಡ್ರಿ ಮುಗಿಸಿ ಬಂದ ಹೆಂಡತಿಯ ಕೈಗೆ ಬಡಗಿಯ ಮರದ ಪಟ್ಟಿಯೊಂದನ್ನು ಕೊಟ್ಟ.

"ಬಿಳಿ ಚೆಂಡು ಆ ಎಡ ಅಂಚಿಗೆ ಹೋದ್ರೆ ನನ್ನ ಮುಂಗೈಗೆ ಹೊಡಿ. ಕರುಣೆ ತೋರಿಸ್ಬೇಡ."

"ಇದನ್ನ ಮದುವೆಯಾದ ವರ್ಷಾನೇ ಕೊಟ್ಟಿದ್ರೆ ಇಷ್ಟು ದೂರ ಬರ್ತಿರಲಿಲ್ಲ."

ಹೊಡೆದಳು. ಲಾಂಡ್ರಿಯಲ್ಲಿ ದಿನವಿಡೀ ಭಾರದ ಪೆಟ್ಟಿಗೆ ಎಳೆಯುವ ಕೈ, ಹಗುರವಾಗಿ ಬೀಳುವಂಥದ್ದಲ್ಲ. ಮೊದಲ ಸಂಜೆ ಬಡಗಿ ನಗುತ್ತಾ ನೋಡಿದ. ಎರಡನೇ ಸಂಜೆ ಎದ್ದು ಹೊರಗೆ ಹೋದ. ಮುಂಗೈ ನೀಲಿಯಾಯಿತು, ಆಮೇಲೆ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಶುಕ್ರವಾರದ ಹೊತ್ತಿಗೆ ಬಿಳಿ ಚೆಂಡು ಹೇಳಿದ ಮಾತು ಕೇಳತೊಡಗಿತು. ಮೂಲೆಯ ಪಾಕೆಟ್ಟಿಗೆ ಎಂಟನ್ನು ಹಾಕಿ, ಎರಡು ಅಂಚು ತಾಗಿಸಿ, ಟೇಬಲ್ಲಿನ ನಡುವೆ ಒಂಬತ್ತಕ್ಕೆ ಎದುರಾಗಿ ಬಿಳಿ ಚೆಂಡು ಬಂದು ನಿಲ್ಲುವ ಹೊಡೆತ, ಇಡೀ ಆಟದಲ್ಲಿ ಮೇಲಿಂದ ಮೇಲೆ ಬರುವಂಥದ್ದು. ಅದನ್ನು ಮಡಿಸಿ ಮಡಿಸಿ ಬೆಂಕಿಪೊಟ್ಟಣದಷ್ಟಾದ ಕರ್ಚೀಫಿನ ಮೇಲೆ ನಿಲ್ಲಿಸಿದ. ಹೆಂಡತಿ ಪಟ್ಟಿಯನ್ನು ಗೋಡೆಗೆ ಒರಗಿಸಿಟ್ಟಳು. ನಕ್ಕಳು ಕೂಡ.

ಭಾನುವಾರ ಪೂಲ್ ಹಾಲ್ ತುಂಬಿತ್ತು. ಡಾಕ್ಟರು, ವಕೀಲರು ಎಲ್ಲ ಬಂದಿದ್ದರು. ಸಿಮೆಂಟ್ ಅಂಗಡಿಯವರು ಮೊದಲ ಹೊಡೆತಕ್ಕೇ ಚೆಂಡುಗಳನ್ನು ಚದುರಿಸಿ, ಏನೂ ಬೀಳದೆ, ಗೋಡೆ ಬದಿಯ ಕುರ್ಚಿಯಲ್ಲಿ ಕೂತರು. ಚಾಂಪಿಯನ್ ತೋಳಿನ ಗುಂಡಿ ಹಾಕಿ ಮುಂಗೈ ಮುಚ್ಚಿಕೊಂಡು ಎದ್ದ. ಒಂದು ಬಿತ್ತು. ಎರಡು, ಮೂರು ಬಿದ್ದವು. ಬಿಳಿ ಚೆಂಡು ಸಾಕಿದ ನಾಯಿಯ ಹಾಗೆ ಮುಂದಿನದರ ಪಕ್ಕಕ್ಕೆ ಹೋಗಿ ಹೋಗಿ ಕೂರುತ್ತಿತ್ತು. ನಾಲ್ಕು, ಐದು ಬಿದ್ದವು. ಡಾಕ್ಟರ ಮುಖ ಸಪ್ಪಗಾಯಿತು, ತಾವು ಗೆದ್ದ ಆಟಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದರೇನೋ. ಏಳೂ ಬಿತ್ತು. ಓನರು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

ಉಳಿದದ್ದು ಎಂಟು, ಒಂಬತ್ತು. ಶೆಡ್ಡಿನಲ್ಲಿ ಹೊಡೆದೂ ಹೊಡೆದೂ ಪಳಗಿಸಿದ ಅದೇ ಹೊಡೆತ. ಅಲ್ಲಿಯವರೆಗೆ ಟೇಬಲ್ ಬಿಟ್ಟು ಕಣ್ಣೆತ್ತದ ಚಾಂಪಿಯನ್ ಕೋಲಿನ ತುದಿಗೆ ಚಾಕ್ ಉಜ್ಜಿದ, ಬಗ್ಗಿದ. ಬಗ್ಗಿದವನು, ಹೊಡೆಯುವ ಮುನ್ನ, ಹನ್ನೊಂದು ವರ್ಷ ಮಾಡಿದ ಹಾಗೆಯೇ, ಕಣ್ಣನ್ನು ಕುರ್ಚಿಯತ್ತ ಹಾಯಿಸಿದ.

ಸಿಮೆಂಟ್ ಅಂಗಡಿಯವರು ಕಾಲು ಅಗಲಿಸಿ, ಹೊಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಡಿದ ಮುಖ ಹೊತ್ತು ಕೂತಿದ್ದರು.

ಕೈ ತನ್ನ ಕೆಲಸ ಮಾಡಿತು. ಎಂಟು ಪಾಕೆಟ್ಟಿನ ಬಾಯಿಯ ಎರಡೂ ದವಡೆಗೆ ಬಡಿದು ತೂಗಿ ನಿಂತಿತು. ಬಿಳಿ ಚೆಂಡು ಎರಡು ಅಂಚು ತಾಗಿ, ಯಾವ ಅವಸರವೂ ಇಲ್ಲದೆ ಉರುಳಿ ಬಂದು, ಎಡ ಅಂಚಿನಿಂದ ಒಂದು ಗೇಣು ದೂರದಲ್ಲಿ, ಎಂಟಕ್ಕೆ ನೇರವಾಗಿ ನಿಂತಿತು. ಅವನ ಜೀವಮಾನದಲ್ಲೇ ಅಷ್ಟು ಚೆಂದವಾಗಿ ಅವನು ಸೋತಿರಲಿಲ್ಲ.

ಸಿಮೆಂಟ್ ಅಂಗಡಿಯವರು ಎದ್ದು ಬಂದರು. ಬಗ್ಗಬೇಕಾಗಲಿಲ್ಲ. ಎಂಟು ಬಿತ್ತು, ಒಂಬತ್ತೂ ಬಿತ್ತು. ಹಾಲ್‌ನ ಸೂರು ಹಾರಿಹೋಗುವಷ್ಟು ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಡಾಕ್ಟರು. ಅವರ ಗೆಲುವುಗಳೆಲ್ಲ ಅವರಿಗೆ ವಾಪಸ್ ಸಿಕ್ಕಿದ್ದವು.

"ನೋಡಿದ್ರಲ್ಲಪ್ಪ," ಅಂದ ಓನರು, ಗಲ್ಲಾಪೆಟ್ಟಿಗೆಯಿಂದ ಕೈ ತೆಗೆದು. "ಸೋಲೋದು ಇವನ ಕೆಲಸ ಅಲ್ಲ. ಇವನ ಯೋಗ್ಯತೆ."

ಸಿಮೆಂಟ್ ಅಂಗಡಿಯವರು ಚಾಂಪಿಯನ್‌ನ ಬೆನ್ನು ತಟ್ಟಿ, "ಚೆನ್ನಾಗೇ ಆಡ್ದೆ ಬಿಡು. ಕೊನೇಲಿ ಒಂಚೂರು ಕೈ ಕೊಡ್ತು," ಅಂದರು. ಅವರ ಮಾತಿನಲ್ಲಿ ಕಪಟ ಇರಲಿಲ್ಲ. ಅದೇ ಹೆಚ್ಚು ಉರಿಯಿತು.

ಜನರ ನಡುವೆ ನಿಂತು ನೋಡಿದ್ದ ಹೆಂಡತಿ ಅವನ ಜೊತೆ ಮೆಟ್ಟಿಲು ಇಳಿದಳು. ಬೀದಿಗೆ ಬಂದ ಮೇಲೆ ಅವನು ಹೇಳಿದ, "ಶೆಡ್ಡಲ್ಲಿ ಕುರ್ಚಿ ಇರಲಿಲ್ಲ ಕಣೇ. ಎದುರಿಗೆ ಯಾರೂ ಕೂತಿರಲಿಲ್ಲ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ಮೊದಲೇ ಬಾಯಿ ಬಿಟ್ಟಿದ್ರೆ ಹೊಟ್ಟೆಗೆ ದಿಂಬು ಕಟ್ಕೊಂಡು ನಾನೇ ಕೂರ್ತಿದ್ದೆನಲ್ರೀ," ಅಂದಳು. ಆಮೇಲೆ ಅವನ ತೋಳಿನ ಗುಂಡಿ ಬಿಚ್ಚಿ ಊದಿದ ಮುಂಗೈ ನೋಡಿ, ಮತ್ತೆ ಗುಂಡಿ ಹಾಕಿದಳು. ಇಬ್ಬರೂ ನಡೆದುಕೊಂಡೇ ಮನೆಗೆ ಹೋದರು.

ಕಾರ್ಮಿಕ ಕಚೇರಿಯಲ್ಲಿ ಈಗ ಅವನ ಅರ್ಜಿಗೆ ಉತ್ತರ ಸಿದ್ಧವಿದೆ: ನಾಲ್ಕು ಜನರ ಎದುರು ಪ್ರಾಮಾಣಿಕವಾಗಿ ಆಡಿ ಸೋತಿದ್ದಾನೆ. ಪೂಲ್ ಹಾಲಿನ ಬಾಗಿಲ ಎದುರಿನ ಕಟ್ಟಿನಲ್ಲಿ ಈಗ ಸಿಮೆಂಟ್ ಅಂಗಡಿಯವರ ಫೋಟೋ ಇದೆ. ಕಟ್ಟು ಅದೇ, ಒಳಗಿನ ಮುಖ ಮಾತ್ರ ಬೇರೆ. ಚಾಂಪಿಯನ್ ಗುಜರಿ ಅಂಗಡಿಯೊಂದರಲ್ಲಿ ಖಾಲಿ ಬಾಟಲಿ ವಿಂಗಡಿಸುತ್ತಾನೆ. ಅಲ್ಲಿಯೂ ಬಾಟಲಿ ಎತ್ತಿಡುವ ಮುಂಚೆ ಒಮ್ಮೆ ತಲೆ ತಿರುಗಿಸಿ ನೋಡುತ್ತಾನಂತೆ. ಯಾರನ್ನು ಅಂತ ಕೇಳಿದರೆ ಅವನಿಗೇ ಗೊತ್ತಿಲ್ಲ.

ಅವನ ಕೆಲಸಕ್ಕೆ ಸಾಕ್ಷಿ ಇಲ್ಲ ಅನ್ನುತ್ತಾರೆ. ಸಾಕ್ಷಿ ಇದೆ. ಅದು ಗೆದ್ದವರ ಬಾಯಲ್ಲಿದೆ. ನೀವು ಯಾವತ್ತಾದರೂ ಆ ಮೆಟ್ಟಿಲು ಹತ್ತಿ ಆ ಟೇಬಲ್ಲಿನಲ್ಲಿ ಅವನನ್ನು ಗೆದ್ದು, ಮನೆಗೆ ಹೋಗಿ ಹೆಂಡತಿ ಮಕ್ಕಳ ಮುಂದೆ ಮೀಸೆ ತಿರುವಿದ್ದರೆ, ಬಿಳಿ ಚೆಂಡು ಹೇಗೆ ತಾನಾಗಿ ಬಂದು ನಿಮ್ಮ ಕೈಬುಡಕ್ಕೇ ನಿಂತಿತು ಅಂತ ಒಮ್ಮೆ ಯೋಚಿಸಿ. ಯೋಚಿಸಿ ಸುಮ್ಮನೆ ಕೂರಬೇಡಿ. ಎದ್ದು ಹೋಗಿ, ಓನರ ಗಲ್ಲಾಪೆಟ್ಟಿಗೆಯ ಮುಂದೆ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿ: ನಾನು ಗೆದ್ದಿಲ್ಲ, ಅವನು ಕೊಟ್ಟ, ಅವನ ಏಳು ತಿಂಗಳ ಸಂಬಳ ಎಣಿಸು.