ಶಶಿರೇಖಾಳ ಕೂಗು

"ಹೋಯ್!" ಎಂದು ಕೇಳಿಸಿದರೆ ತುಮಕೂರಿನ ಆ ಕಾಲೇಜು ಮೈದಾನದಲ್ಲಿ ಶಶಿರೇಖಾ ಚೆಂಡು ಎಸೆದಳೆಂದೇ ಅರ್ಥ. ಗುಬ್ಬಿ ಕಡೆಯ ಹೊಲದಲ್ಲಿ ಕವಣೆ ಬೀಸಿ, ಕೂಗಿ, ಗಿಳಿ ಓಡಿಸುತ್ತ ಬೆಳೆದವಳು ಅವಳು. ಎಸೆಯುವಾಗ ತೋಳು ಒಂದು ಸುತ್ತು ಬಂದರೆ ಕೂಗು ತಾನಾಗಿಯೇ ಹೊರಡುತ್ತದೆ. ಮೈದಾನವೆಲ್ಲ ಜೋಳದ ಹೊಲವಾಗಿ ಮೆಲ್ಲಗೆ ತೂಗುತ್ತದೆ.

ಮೂರು ವರ್ಷ ಸತತವಾಗಿ ಸಾಫ್ಟ್‌ಬಾಲ್ ಕಪ್ ಗೆದ್ದ ತಂಡ ಆ ಕಾಲೇಜಿನದು. ಚೆಂಡೆಸೆಯುತ್ತಿದ್ದ ಹಳೆಯ ಪಿಚರ್ ಓದು ಮುಗಿಸಿ ಹೋಗಿದ್ದಾಳೆ. ಸೋಮವಾರ ಹೊಸ ಸೀಸನ್ ಶುರು. ಚೆಂಡು ಯಾರ ಕೈಗೆಂದು ಇವತ್ತೇ ತೀರ್ಮಾನವಾಗಬೇಕು.

"ಕೂಗ್ಬೇಡ ಕಣಮ್ಮ, ಅಂಪೈರ್ ಸುಮ್ನಿರಲ್ಲ," ಎಂದರು ಕೋಚ್ ಅನಂತರಾಜು.

ಶಶಿರೇಖಾ ತುಟಿ ಬಿಗಿದು ಎಸೆದಳು. ಚೆಂಡು ಬೇಲಿಯಾಚೆ ಬಿತ್ತು.

"ಗಿಳಿ ಎಲ್ಲಾ ತೆನೆ ತಿಂದ್ಬುಟ್ವು ಕಣೇ!" ಎಂದು ಕ್ಯಾಚರ್ ಸುಧಾ ನಕ್ಕಳು.

"ಬಾಯಿ ಕಟ್ಟಿದ್ರೆ ಕೈನೂ ಕಟ್ಟೋಯ್ತದೆ ಸಾರ್," ಎಂದಳು ಶಶಿರೇಖಾ. "ನಾನು ಕೂಗ್ಕೊಂಡೇ ಎಸೆಯೋದು. ಬ್ಯಾಡ ಅಂದ್ರೆ ಬೇರೆಯವ್ರಿಗೆ ಕೊಡಿ."

ಅನಂತರಾಜು ಹೊಸ ಚೆಂಡೊಂದನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತರು. ಕೊನೆಗೆ ಅದನ್ನು ಅವಳ ಕೈಗಿಟ್ಟರು.

"ಆಯ್ತು, ಅಂಪೈರ್ ಹತ್ರ ನಾನೇ ಮಾತಾಡ್ತೀನಿ. ಆದ್ರೆ ನೋಡು, ಮೊದಲ್ನೇ ಮ್ಯಾಚಲ್ಲಾದ್ರೂ ಸ್ವಲ್ಪ ಮೆತ್ತಗೆ…"

ಶಶಿರೇಖಾ ಆಗಲೇ ಮೈದಾನದ ನಡುವಿನ ಬಿಸಿಲಿಗೆ ನಡೆದುಬಿಟ್ಟಿದ್ದಳು.