ಬಸಿದ ನೀರು

“ಅಕ್ಕಾರ, ಇವರಿಗೆ ಏನು ತಿನ್ಸಾಕತ್ತೀರಿ? ರಕ್ತದಾಗ ಪೊಟ್ಯಾಷಿಯಂ ಮತ್ತ ಏರೇತಿ. ಹಿಂಗಾದ್ರ ಎದಿ ಬಡಿತ ನಿಂತೀತ್ರಿ!”

ನೆಹರು ನಗರದ ಆಸ್ಪತ್ರೆಯಲ್ಲಿ ನನ್ನ ಗಂಡನನ್ನು ಡಯಾಲಿಸಿಸ್‌ಗೆ ಮಲಗಿಸುತ್ತಿದ್ದ ನರ್ಸ್ ಗದರಿದಾಗ ನನಗೆ ಅಳುವೂ ಬರಲಿಲ್ಲ, ಅಷ್ಟು ದಣಿದಿದ್ದೆ. ಅಂಗನವಾಡಿ ಕೆಲಸ ಮುಗಿಸಿ ವಾರಕ್ಕೆ ಎರಡು ಸಲ ಖಾನಾಪುರದಿಂದ ಬಸ್ಸಿನಲ್ಲಿ ಅವರನ್ನು ಕರೆತರುವವಳು ನಾನು. ಇಲ್ಲಿ ಹೇಳಿಕೊಟ್ಟಂತೆಯೇ ಕಾಯಿಪಲ್ಲೆ, ಬೇಳೆಯನ್ನೆಲ್ಲ ನೆನೆಸಿ, ಕುದಿಸಿ, ನೀರು ಬಸಿದು ಅಡುಗೆ ಮಾಡುವವಳೂ ನಾನೇ.

ಜೊತೆಗೆ ಬಂದಿದ್ದ ಅತ್ತೆ ಮೆಲ್ಲಗೆ ಚೀಲದಿಂದ ಡಬ್ಬಿ ತೆಗೆದರು. “ನೀ ಬಸದ ನೀರು ಚೆಲ್ಲಾಕ ಮನಸ್ಸಾಗಲಿಲ್ಲವಾ. ಸತ್ವ ಎಲ್ಲಾ ಅದರಾಗ ಇರ್ತೈತೆಲ್ಲಾ? ನೀ ಕೆಲಸಕ್ಕ ಹೋದಮ್ಯಾಲ ದಿನಾ ಕಟ್ಟಿನ ಸಾರು ಮಾಡಿ ಅವಗ ಕುಡಿಸಿದೆ.”

ಹೋಳಿಗೆಗೆ ಬೇಳೆ ಬಸಿದ ನೀರನ್ನೂ ಚೆಲ್ಲದೆ ಸಾರು ಮಾಡುವ ಮನೆ ನಮ್ಮದು. ನರ್ಸ್ ಅತ್ತೆಯ ಬಾಜು ಕುಳಿತಳು. “ಅಜ್ಜಿ, ಈ ಮಷಿನ್ಯಾಗ ಒಂದು ತೆಳ್ಳನ ಪೊರಿ ಐತಿ. ರಕ್ತದಾಗಿನ ಹೊಲಸು ಅದನ್ನ ದಾಟಿ ಆ ಕಡಿ ನೀರಿಗೆ ಹೋಗ್ತೈತಿ. ಕಾಯಿಪಲ್ಲೆದಾಗಿನ ಪೊಟ್ಯಾಷಿಯಂನೂ ಹಂಗ ಬಸಿದ ನೀರಿಗೆ ಇಳೀತೈತ್ರಿ.”

“ಅಂದ್ರ ಇಕಿ ತೆಗದದ್ದನ್ನ ನಾನ ಮತ್ತ ಅವನ ಹೊಟ್ಟಿಗೆ ಹಾಕಿದ್ನೇನವಾ?” ಎಂದ ಅತ್ತೆ, ಡಯಾಲಿಸಿಸ್ ಮುಗಿಯುವವರೆಗೂ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಅವರಿಗೆ ಅನ್ನಬೇಕೆಂದುಕೊಂಡ ಮಾತುಗಳು ನನ್ನ ಹೊಟ್ಟೆಯಲ್ಲೇ ಉಳಿದಿವೆ. ಈಗ ಬಸಿದ ನೀರನ್ನು ಅತ್ತೆಯೇ ಬಚ್ಚಲಿಗೆ ಚೆಲ್ಲುತ್ತಾರೆ. ಚೆಲ್ಲುವ ಮೊದಲು ಪ್ರತಿ ಸಲವೂ ಆ ಪಾತ್ರೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ.